ವೋಲ್ಗಾದ ಚಾವಣಿ ಬಟ್ಟೆ

ಮಾರ್ಚ್ 2, ಬೆಳಿಗ್ಗೆ

ಇವತ್ತು ಒಂದು ಹಳೇ ಜಿಗುಲಿ ಕಾರು. ಸೀಟಿಗೆ ಕೆಂಪು ರೆಕ್ಸಿನ್ ಬೇಕಂತೆ, ಮೇಲೆ ಚೌಕಳಿ ಹೊಲಿಗೆ. ನಲವತ್ತು ವರ್ಷದ ಕಾರಿಗೆ ಮದುವೆಮನೆ ಸೋಫಾದ ವೇಷ. ಕೇಳಿದವನು ಮೂರ್ಖ, ಒಪ್ಪಿದವನು ಮಹಾಮೂರ್ಖ — ಅಂದರೆ ನನ್ನ ಗಂಡ. ಇಡೀ ಬಿಷ್ಕೆಕ್ ಅವನನ್ನು ಮೆಲಿಸ್ ಉಸ್ತಾದ್ ಅನ್ನುತ್ತದೆ. ಉಸ್ತಾದ್ ಮಾಡುವುದು ಎರಡೇ ಕೆಲಸ. ಗಿರಾಕಿಗೆ ಚಹಾ ಕೊಡುವುದು; ನಾನು ಹೊಲಿದದ್ದರ ಮೇಲೆ ಕೈಯಾಡಿಸಿ ತಲೆದೂಗುವುದು. ಹತ್ತೊಂಬತ್ತು ವರ್ಷದಿಂದ ಹೀಗೇ.

ಮಾರ್ಚ್ 5

ಗಡಿಯಾಚೆಯ ಅಲ್ಮಾಟಿಯಿಂದ ಹಲ್ಲಿನ ಡಾಕ್ಟರೊಬ್ಬ ಬಂದಿದ್ದ. ಸೆರಿಕ್‌ಬೋಲ್. ಅವನ ಮಾವನ ವೋಲ್ಗಾ ಕಾರು, 1962ರದು. ಒಳಗಿನದೆಲ್ಲ ಹೊಸದಾಗಬೇಕು, ನೋಡಲು ಮಾತ್ರ ಅಂದಿನ ಹಾಗೇ ಇರಬೇಕು. ಚಾವಣಿಗೆ ಆ ಕಾಲದ್ದೇ ಬೂದು ಉಣ್ಣೆ ಬಟ್ಟೆ, ಮೂರು ವರ್ಷ ಹುಡುಕಿ ಸಂಪಾದಿಸಿದ್ದಾನೆ. ಇರುವುದು ಒಂದೇ ತುಂಡು. ಎರಡು ಬೆರಳಗಲದ ಮಾದರಿ ತೋರಿಸಿದ. ಮುಟ್ಟಿದೆ. ಮರ್ಯಾದೆ ಕೊಡಬೇಕಾದ ವಸ್ತುವೊಂದು ಎಷ್ಟೋ ದಿನದ ಮೇಲೆ ನಮ್ಮ ಅಂಗಡಿಗೆ ಬಂದಿತ್ತು.

"ಉಸ್ತಾದರೇ, ನೀವೇ ಬಂದು ಮಾಡ್ಬೇಕು. ನಮ್ಮ ಗ್ಯಾರೇಜಲ್ಲೇ."

"ಅದಕ್ಕೇನಂತೆ, ಬರ್ತೀನಿ" ಅಂದ ಮೆಲಿಸ್.

ಬರ್ತೀವಿ ಅನ್ನಲಿಲ್ಲ.

ಡಾಕ್ಟರು ಹೋದ ಮೇಲೆ ಕೇಳಿದೆ. "ಒಬ್ನೇ ಹೋಗಿ ಏನ್ ಕಿಸೀತೀಯ?"

"ಇಷ್ಟು ವರ್ಷ ನೋಡಿದೀನಲ್ಲ. ನೋಡಿ ನೋಡಿ ಬಂದ್ಬಿಟ್ಟಿದೆ ಕಣೇ."

ನೋಡಿ ನೋಡಿ ಬರುವುದಾದರೆ ಕಟುಕನ ಅಂಗಡಿ ಮುಂದಿನ ನಾಯಿ ಇಷ್ಟರಲ್ಲಿ ಕಟುಕನಾಗಿರಬೇಕಿತ್ತು.

ಮಾರ್ಚ್ 9

ಹೋದ. ನನ್ನ ದೊಡ್ಡ ಕತ್ತರಿಯನ್ನೂ ಒಯ್ದಿದ್ದಾನೆ. ಕೇಳಿದ್ದರೆ ಕೊಡುತ್ತಿರಲಿಲ್ಲ. ಗೊತ್ತಿದ್ದೇ ಕೇಳಲಿಲ್ಲ.

ಮಾರ್ಚ್ 21

ನೊರೂಜ್ ಹಬ್ಬ. ಓಣಿಯಲ್ಲೆಲ್ಲ ಬೋರ್ಸೋಕ್ ಹಿಟ್ಟಿನುಂಡೆ ಕರಿಯುವ ವಾಸನೆ. ಫೋನ್ ಮಾಡಿದ.

"ಕೆಲ್ಸ ಹೆಂಗ್ ನಡೀತಿದೆ?"

"ಫಸ್ಟ್ ಕ್ಲಾಸ್." ಆಮೇಲೆ, ಈಗಷ್ಟೇ ನೆನಪಾದವನ ಹಾಗೆ — "ಅಂದ್ಹಾಗೆ... ಉಣ್ಣೆಗೆ ಆವಿ ಹಿಡಿಯೋದು ಕತ್ತರಿಸೋಕೆ ಮುಂಚೇನಾ, ಆಮೇಲಾ?"

"ಮುಂಚೆ ಕಣೋ! ಆವಿ ತಗುಲಿದ್ರೆ ಉಣ್ಣೆ ಕುಗ್ಗುತ್ತೆ. ಕತ್ತರಿಸಿಬಿಟ್ಯಾ?"

ಫೋನ್ ಕಟ್.

ಮಾರ್ಚ್ 23

ಈ ಸಲ ಡಾಕ್ಟರ ಫೋನ್. "ಅಕ್ಕಾ, ನಿಮ್ಮ ಯಜಮಾನ್ರು ಎರಡು ದಿನದಿಂದ ಕಾರೊಳಗೇ ಕೂತಿದಾರೆ. ಊಟಕ್ಕೂ ಇಳೀತಿಲ್ಲ. ಏನಾಯ್ತು ಅಂದ್ರೆ 'ಸೊನುನ್‌ನ ಕರೀರಿ' ಅಂತಾರೆ, ಅಷ್ಟೇ."

ಹೋಗಬಾರದು ಅಂದುಕೊಂಡೆ. ಹೋಗುವುದು ಅವನ ಮಾನ, ಹೋಗಲಿ. ಆದರೆ ಬಟ್ಟೆ ಏನು ತಪ್ಪು ಮಾಡಿತ್ತು?

ಮಾರ್ಚ್ 24, ಅಲ್ಮಾಟಿ

ಗಡಿಯಲ್ಲಿ ಅಧಿಕಾರಿ ಕೇಳಿದ, ಯಾಕೆ ಹೋಗ್ತಿದೀರಿ. "ಗಂಡ ಕತ್ತರಿಸಿದ್ದನ್ನ ಹೊಲಿಯೋಕೆ" ಅಂದೆ. ಸೀಲು ಹೊಡೆದ.

ಮೆಲಿಸ್ ಸೀಟಿನ ಬರಿ ಕಂಬಿಗಳ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಬಟ್ಟೆ ನಾಲ್ಕು ಬೆರಳು ಗಿಡ್ಡ. ನನ್ನೆದುರೇ ಡಾಕ್ಟರಿಗೆ ಹೇಳಿಬಿಟ್ಟ — "ಉಸ್ತಾದ್ ಇವಳು. ಮೊದಲ್ನಿಂದ್ಲೂ ಇವಳೇ. ನಾನು ಬರೀ ಚಹಾ ಕೊಡೋನು."

ಈ ಮಾತು ಹೊರಬರಲು ಒಂದು ವೋಲ್ಗಾ ಹಾಳಾಗಬೇಕಾಯಿತು. ದಾನ ಕೊಟ್ಟವನ ಹಾಗೆ ಹೇಳಿದ ಬೇರೆ.

ಡಾಕ್ಟರ್ ನನ್ನ ಕಡೆ ತಿರುಗಿದ. "ಉಳಿಸ್ಬಹುದಾ ಅಕ್ಕಾ?"

"ಮೂರು ದಿನ ಕೊಡಿ."

ಮಾರ್ಚ್ 27

ಚಾವಣಿ ಬಟ್ಟೆ ಒಂದೇ ಹಾಳೆಯಲ್ಲ. ಪಟ್ಟಿ ಪಟ್ಟಿಯಾಗಿ ಹೊಲಿದು, ಹೊಲಿಗೆಗಳನ್ನು ಅಡ್ಡಕಂಬಿಗಳಿಗೆ ಕೂರಿಸಿ ಎಳೆಯುವುದು. ಹಾಗಾಗಿ ಮುಂದಿನ ಪಟ್ಟಿಯೊಂದನ್ನೇ ಬಿಚ್ಚಿದೆ. ಬಿಸಿಲು ಮರೆಮಾಡುವ ಹಲಗೆಗಳಿಗೆಂದು ಅದೇ ಬಟ್ಟೆಯಲ್ಲಿ ಮೆಲಿಸ್ ಎತ್ತಿಟ್ಟ, ಇನ್ನೂ ಆವಿ ತಗುಲದ ತುಂಡು ಇತ್ತು. ಅದಕ್ಕೆ ಆವಿ. ಆಮೇಲೆ ಕತ್ತರಿ. ಬಿಚ್ಚಿದ್ದಕ್ಕಿಂತ ನಾಲ್ಕು ಬೆರಳು ದೊಡ್ಡದಾದ ಹೊಸ ಪಟ್ಟಿ. ಹಲಗೆಗಳಿಗೆ ಚರ್ಮ ಹಾಕೋಣ ಅಂದೆ, ಡಾಕ್ಟರ್ ಒಪ್ಪಿದ.

ಎಳೆಯಲು ನಾಲ್ಕು ಕೈ ಬೇಕು.

"ಬಲಗಡೆ ಎಳಿ. ಇನ್ನೂ. ಸಾಕು. ಸಾಕು ಅಂದ್ನಲ್ಲ!"

"ಎಳಿ ಅಂತೀಯ, ಸಾಕು ಅಂತೀಯ..."

"ಅಂತೀನಿ. ಕೇಳು."

ಕೇಳಿದ. ಮಧ್ಯಾಹ್ನದ ಹೊತ್ತಿಗೆ ತಮಟೆಯ ಚರ್ಮದ ಹಾಗೆ ಬಿಗಿದು ನಿಂತಿತು. ಒಂದು ನೆರಿಗೆ ಇಲ್ಲ. ಡಾಕ್ಟರ್ ಹಲ್ಲು ನೋಡುವ ಪುಟ್ಟ ಕನ್ನಡಿ ತಂದು, ಕಾರಿನೊಳಗೆ ಅಂಗಾತ ಮಲಗಿ ಮೂಲೆ ಮೂಲೆ ಪರೀಕ್ಷಿಸಿದ. ಎದ್ದು ನನ್ನ ಎರಡೂ ಕೈ ಹಿಡಿದುಕೊಂಡ. ಮೆಲಿಸ್ ಚಹಾ ತರಲು ಹೋದ. ಅಭ್ಯಾಸ.

ಏಪ್ರಿಲ್ 6, ಬಿಷ್ಕೆಕ್

ಒಂದು ಮಾಸ್ಕ್‌ವಿಚ್ ಕಾರು ಬಂದಿದೆ. ಒಳ್ಳೆಯ ಚರ್ಮದ ಸೀಟು, ಹಳೇ ಹೊಲಿಗೆ ಬಿಚ್ಚಬೇಕು. ಮೆಲಿಸ್ ಬ್ಲೇಡು ಹಿಡಿದು ಪಕ್ಕದಲ್ಲಿ ಬಂದು ಕೂತ.

"ತೋರ್ಸು" ಅಂದ.

ಹತ್ತೊಂಬತ್ತು ವರ್ಷದಲ್ಲಿ ಈ ಮಾತು ಇದೇ ಮೊದಲು. ಬೈಗುಳ ಸಾಲಾಗಿ ಕಾದಿದ್ದವು, ಬದಿಗಿಟ್ಟೆ. ನಾನಾದರೂ ಎಂದು ಕಲಿಸಿದ್ದೆ? ಕಲಿಸುವುದಕ್ಕಿಂತ ಆಡಿಕೊಳ್ಳುವುದು ಸುಲಭವಿತ್ತು.

ತೋರಿಸಿದೆ. ದಾರವನ್ನು ಎಳೆಯಬೇಡ, ಒಂದೊಂದೇ ಕತ್ತರಿಸು, ಇಲ್ಲದಿದ್ದರೆ ಚರ್ಮ ಹರಿಯುತ್ತದೆ ಎಂದು ಎರಡು ಸಲ ಹೇಳಿ ಇಲ್ಲಿ ಬಂದು ಬರೆಯುತ್ತ ಕೂತಿದ್ದೇನೆ.

ಪರ್ರನೆ ಸದ್ದು. ಎಳೆದ. ಎಳೆದೇಬಿಟ್ಟ, ಕತ್ತೆ.

"ಸೊನುನ್... ಒಂಚೂರು ಬಾ..."

ಹೋಗಿ ಮತ್ತೊಂದು ಸಲ ತೋರಿಸಿ ಬರುತ್ತೇನೆ.