ಡ್ರೈವಿನ ಬಾಯಲ್ಲಿ ಕುಂಕುಮ

ಗಾಳಿಮನೆ, ಕಪ್ಪತಗುಡ್ಡ
ಹದಿನಾಲ್ಕನೇ ತಿಂಗಳ ನಲವತ್ತೊಂದನೇ ತಾರೀಖು
ದೊಡ್ಡ ಅಳಿಕೆಯ ನಂತರದ ನೂರ ಅರವತ್ತನೇ ವರ್ಷ

ಗದಗಿನ ಫೋಟೊ ಸ್ಟುಡಿಯೊದ ಈರಣ್ಣಜ್ಜನವರಿಗೆ, ನಿಮ್ಮ ಮರಿಮಗನ ಮರಿಮಗಳಾದ ದಾಕ್ಷಾಯಿಣಿಯ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಡುವೆ ಕಾಲ ಬಹಳ ಹರಿದಿದೆ. ಇದು ಹಿಂದಂಚೆಯಲ್ಲಿ ಬಂದ ಕಾಗದ. ಹಿಂದಂಚೆ ಎಂದರೆ ಆಗಿಹೋದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಸಿಗುತ್ತದೆ. ನಮ್ಮ ಸೋದರತ್ತೆ ಹೊನ್ನತ್ತೆ ತನ್ನ ಪಾಲಿನದನ್ನು ನಿಮಗಾಗಿ ಬಿಟ್ಟುಕೊಟ್ಟಿದ್ದಾಳೆ. ಅವಳು ಕುಳಿತ ಜಾಗ ಬಿಟ್ಟು ಏಳುತ್ತಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಗುಡ್ಡದ ಮೇಲೆ ನೀವು ನೋಡುತ್ತಿದ್ದ ಗಾಳಿಯಂತ್ರಗಳ ಕಂಬಗಳೇ ಈಗ ನಮ್ಮ ಮನೆಗಳು. ರೆಕ್ಕೆಗಳು ಎಂದೋ ಉದುರಿದವು. ಕಂಬದೊಳಗೆ ಒಂದರ ಮೇಲೊಂದು ಅಟ್ಟ ಹಾಕಿಕೊಂಡು ಸಂಸಾರ ನಡೆಸುತ್ತೇವೆ. ಕೆಳಗೆ ಬಡಿದ ರೊಟ್ಟಿ ಮೇಲಿನವರಿಗೆ ಮುಟ್ಟುವಾಗ ತಣ್ಣಗಾಗಿರುತ್ತದೆ, ಆ ಜಗಳ ನಿತ್ಯದ್ದು. ಬೇರೆ ಯಾವುದಕ್ಕೂ ಕೊರತೆಯಿಲ್ಲ, ಮುಖಗಳಿಗೆ ಮಾತ್ರ ಇದೆ. ನಿಮ್ಮ ಕಾಲದವರು ಫೋಟೊಗಳನ್ನೆಲ್ಲ ಎಲ್ಲೋ ದೂರದ ಯಂತ್ರಗಳಲ್ಲಿ ಇಟ್ಟು ನಿಶ್ಚಿಂತರಾಗಿದ್ದಿರಿ. ಒಂದು ದಿನ ಅವೆಲ್ಲ ಒಟ್ಟಿಗೇ ಅಳಿಸಿಹೋದವು. ಅದನ್ನೇ ದೊಡ್ಡ ಅಳಿಕೆ ಅನ್ನುತ್ತೇವೆ. ಅದಕ್ಕೂ ಹಿಂದಿನ ಒಂದು ಮುಖವನ್ನೂ ನಮ್ಮಲ್ಲಿ ಯಾರೂ ಕಂಡಿಲ್ಲ.

ಹೊನ್ನತ್ತೆಯದು ಬೆಕ್ಕಿನ ಕಣ್ಣು. ನಮ್ಮ ಮನೆತನದಲ್ಲಿ ಮತ್ಯಾರಿಗೂ ಇಲ್ಲ. ಹುಟ್ಟಿದಾಗಿನಿಂದ ಜನ ಅವಳನ್ನು ನೋಡಿ, "ಈಕಿ ಯಾರ ಪೈಕಿ?" ಎಂದು ಕೇಳುತ್ತಲೇ ಬಂದರು. ನೋಡಲು ಬಂದ ವರನ ಕಡೆಯವರೂ ಅದನ್ನೇ ಕೇಳಿ ಚಹಾ ಕುಡಿಯದೆ ಎದ್ದುಹೋದರು. ಆಮೇಲೆ ಅವಳು ಮದುವೆಯ ಮಾತು ಎತ್ತಗೊಡಲಿಲ್ಲ. ಈಗ ಮುದುಕಿಯಾಗಿದ್ದಾಳೆ. ಸಾಯುವ ಮೊದಲು ನಮ್ಮವರದೇ ಇನ್ನೊಂದು ಜೊತೆ ಬೆಕ್ಕಿನ ಕಣ್ಣು ನೋಡಬೇಕೆಂಬುದೊಂದೇ ಅವಳ ಆಸೆ.

ಆ ಆಸೆಗೆ ನಿಮ್ಮ ಸ್ಟುಡಿಯೊದ ಹಾರ್ಡ್ ಡ್ರೈವ್ ಒಂದೇ ಆಧಾರ. ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟದ್ದು ತಲೆಮಾರಿನಿಂದ ತಲೆಮಾರಿಗೆ ಕೈದಾಟಿ ಬಂದಿದೆ. ಮೇಲೊಂದು ಚೀಟಿ ಅಂಟಿಸಿದೆ: "ಎಲ್ಲಾ ಫೋಟೊ ಇದರಾಗ ಅದಾವ. ಇವರು ಕಾಪಿ ಮಾಡ್ಯಾರ. ಅಳಿಸಬಾರದು."

ನಮ್ಮಣ್ಣ ದುಂಡಪ್ಪ ಇಂಥ ಹಳೆಯ ಸಾಮಾನು ರಿಪೇರಿ ಮಾಡುವವನು. ನಿಮ್ಮ ಡ್ರೈವಿನ ತೂತಿಗೆ ಹೊಂದುವ ವೈರನ್ನು ಅವನೇ ತಯಾರಿಸಿದ. "ಮೊದ್ಲ ಅದರ ಬಾಯಿ ಒರಸೋ," ಎಂದಳು ಹೊನ್ನತ್ತೆ. "ಆತು ಬಿಡತ್ತಿ," ಎಂದು ಅವನು ಅದನ್ನು ನಮ್ಮ ಯಂತ್ರಕ್ಕೆ ಜೋಡಿಸಿಯೇಬಿಟ್ಟ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ, "ಗುರುತು ಸಿಗವಲ್ದು. ಇದು ಯಾರ ಪೈಕಿ?" ಎಂದಿತು. ನಮ್ಮ ಕಡೆಯ ಯಂತ್ರಗಳು ಹೀಗೇ ಮಾತಾಡುತ್ತವೆ, ಮಾಡಿದವರು ನಮ್ಮವರೇ ತಾನೆ. ಆದರೆ ಆ ಮಾತು ಕೇಳಿ ಹೊನ್ನತ್ತೆಯ ಮುಖ ಬಿಳಿಚಿಕೊಂಡಿತು.

ದುಂಡಪ್ಪ ವೈರ್ ಬದಲಿಸಿದ. ಬೇರೆ ತೂತಿಗೆ ಹಾಕಿದ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದ. ಪಕ್ಕದ ಕಂಬದವರ ಯಂತ್ರವನ್ನೂ ಹೊತ್ತು ತಂದ. ಅದೂ ಯಾರ ಪೈಕಿ ಎಂದೇ ಕೇಳಿತು. ಕೊನೆಗೆ ಡ್ರೈವಿನ ಬಾಯೊಳಗೆ ಇಣುಕಿ, ಕೆಂಪಗಿದೆ, ತುಕ್ಕು ತಿಂದಿದೆ, ಮುಗಿಯಿತು ಕಥೆ ಎಂದ. ಹೊನ್ನತ್ತೆ ಅದನ್ನು ಕಿತ್ತುಕೊಂಡು, ಪಿನ್ನಿನಿಂದ ಕೆರೆದು, ಬೆರಳಿಗೆ ತಾಗಿದ್ದನ್ನು ಮೂಸಿ ನೋಡಿದಳು.

"ಏ ಹುಚ್ಚಪ್ಪಾ, ಇದು ಕುಂಕುಮಲೇ!"

ಆಯುಧಪೂಜೆಯ ಕುಂಕುಮ! ನಾವೂ ಕಂಬಕ್ಕೆ ಹಚ್ಚುತ್ತೇವೆ, ನಮಗೇಕೆ ಹೊಳೆಯಲಿಲ್ಲವೋ. ಕೆರೆದು, ಒರೆಸಿ, ಮತ್ತೆ ಜೋಡಿಸಿದಾಗ ಒಳಗೆ ಏನೋ ಗಿರ್ರನೆ ತಿರುಗಿತು. "ಗುರುತು ಸಿಕ್ತು," ಎಂದಿತು ಯಂತ್ರ. ಮೇಲಿನ ಅಟ್ಟಗಳಿಂದ ಜನ ದಡದಡ ಇಳಿದು ಬಂದರು. ಹೊನ್ನತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಪರದೆಗೆ ಮುಖ ಹಚ್ಚಿ ಕುಳಿತಳು.

ಖಾಲಿ.

ಅಜ್ಜ, ಒಂದೂ ಇಲ್ಲ! ಊರಿನ ಮದುವೆಗಳಿಲ್ಲ, ಪಾಸ್‌ಪೋರ್ಟ್ ಫೋಟೊಗಳಿಲ್ಲ, ನಿಮ್ಮ ಮನೆಯವರ ಮುಖವೂ ಇಲ್ಲ. ನಾವೇ ಅಳಿಸಿಬಿಟ್ಟೆವೇನೋ ಎಂದೆ ನಾನು. ದುಂಡಪ್ಪ ಮತ್ತೆ ಮತ್ತೆ ಹುಡುಕಿ, "ಅಳಿಸಿದ್ರ ಕಲೆ ಉಳೀತಿತ್ತು. ಇದರಾಗ ಯಾರೂ ಏನೂ ಹಾಕೇ ಇಲ್ಲ," ಎಂದ. ಹಾಗಾದರೆ ಚೀಟಿಯಲ್ಲಿ ಬರೆದದ್ದು ಸುಳ್ಳೇ?

ಹೊನ್ನತ್ತೆ ಬಹಳ ಹೊತ್ತು ಆ ಚೀಟಿಯನ್ನೇ ನೋಡಿದಳು. "ಇವರು ಅಂತ ಬರದೈತಿ. ಗಂಡನ ಹೆಸರು ಹೇಳದ ಹೇಣ್ತಿ ಬರದದ್ದು ಇದು," ಎಂದಳು. "ಪೂಜಿ ಮುಗಿಸಿ ಉಣ್ಣಾಕ ಎದ್ದಾನ. ಆಕಿ ಕಾಪಿ ಆತೇನ್ರಿ ಅಂತ ಕೇಳ್ಯಾಳ. ಅಂವ ಆತು ಅಂದಾನ."

ಆತು ಎಂದರೆ ಮಾಡಿ ಮುಗಿಸಿದೆ ಎಂದೂ ಹೌದು, ಮಾಡುತ್ತೇನೆ ಸುಮ್ಮನಿರು ಎಂದೂ ಹೌದು. ನಿಮ್ಮ ಹೆಂಡತಿ ಸುಮಂಗಲಮ್ಮ ಪಾಪ ಮೊದಲನೆಯ ಅರ್ಥವೆಂದು ನಂಬಿ ಚೀಟಿ ಅಂಟಿಸಿದರು. ಡ್ರೈವಿನ ಬಾಯಿ ಒರೆಸದೆಯೇ ಆತು ಎಂದಿದ್ದ ದುಂಡಪ್ಪ ಸದ್ದಿಲ್ಲದೆ ಹೊರಗೆ ಹೋದ. ಅವನು ನಿಮ್ಮ ಪೈಕಿಯೇ ಎಂಬುದರಲ್ಲಿ ನನಗಂತೂ ಅನುಮಾನವಿಲ್ಲ.

ಈ ಕಾಗದ ಆ ಆಯುಧಪೂಜೆಯ ದಿನವೇ ನಿಮ್ಮ ಕೈ ಸೇರಬೇಕು. ಪೂಜೆ ಬೇಡ ಅನ್ನುವುದಿಲ್ಲ. ಕುಂಕುಮವನ್ನು ಡ್ರೈವಿನ ಬೆನ್ನಿಗೆ ಹಚ್ಚಿ, ಬಾಯಿಗೆ ಬೇಡ. ನಿಮ್ಮ ಮನೆಯಲ್ಲಿ ಬೆಕ್ಕಿನ ಕಣ್ಣಿನವರು ಯಾರಾದರೂ ಇದ್ದರೆ, ಅವರು ನಾಚಿಕೊಂಡರೂ ಬಿಡದೆ ಕ್ಯಾಮೆರಾದ ಮುಂದೆ ಕೂರಿಸಿ. ಕಣ್ಣು ಮುಚ್ಚಿದರೆ ಇನ್ನೊಂದು ತೆಗೆಯಿರಿ. ಆಮೇಲೆ ಎಲ್ಲವನ್ನೂ ಕಾಪಿ ಮಾಡಿ. ಹೊನ್ನತ್ತೆ ಡ್ರೈವ್ ಕೀಳಲು ಬಿಟ್ಟಿಲ್ಲ. ಅಲ್ಲಿ ನೀವು ಮಾಡಿದ ಗಳಿಗೆಗೆ ಇಲ್ಲಿ ತುಂಬುತ್ತದೆಂದು ಪರದೆಯ ಮುಂದೆಯೇ ಕುಳಿತಿದ್ದಾಳೆ. ಊಟಕ್ಕೂ ಎದ್ದಿಲ್ಲ.

ಇನ್ನೇನು ಸುಮಂಗಲಮ್ಮ ಒಳಗಿನಿಂದ ಕಾಪಿ ಆತೇನ್ರಿ ಎಂದು ಕೇಳುತ್ತಾರೆ. ಕೈಮುಗಿಯುತ್ತೇನೆ ಅಜ್ಜ, ಮುಗಿಯುವ ತನಕ ಆತು ಅನ್ನಬೇಡಿ.