ಜಲಾಂತರ್ಗಾಮಿಯ ಅಡುಗೆಪಾತ್ರೆ

ಬರ್ಗನ್, 9 ಅಕ್ಟೋಬರ್ 1970, ಶುಕ್ರವಾರ

ಇವತ್ತು ಸುಳ್ಳು ಹೇಳಿ ಸಿಕ್ಕಿಬಿದ್ದೆ. ಆದರೂ ಹೊಟ್ಟೆ ತಣ್ಣಗಿದೆ.

ಯುದ್ಧ ಮುಗಿದಾಗ ವಶಕ್ಕೆ ಬಂದ ಜರ್ಮನ್ ಜಲಾಂತರ್ಗಾಮಿಗಳಲ್ಲಿ ಬಹಳಷ್ಟನ್ನು ಇಂಗ್ಲಿಷರು ಮುಳುಗಿಸಿದರು. ನಮ್ಮ ನೌಕಾಪಡೆ ಇಟ್ಟುಕೊಂಡ ಒಂದರಲ್ಲಿ ನಾನು ಹನ್ನೊಂದು ವರ್ಷ ದುಡಿದೆ. ಅದನ್ನು ಕೈಬಿಟ್ಟಾಗ ಅದರ ದೊಡ್ಡ ಪಾತ್ರೆ ನಮ್ಮ ಮನೆಗೆ ಬಂತು. ನನ್ನ ಹೆಂಡತಿ ಬೋರ್ಗ್ನಿ ಸಾಯುವವರೆಗೂ ಕುರಿಮಾಂಸ, ಎಲೆಕೋಸು ಬೇಯಿಸಿದ್ದು ಅದರಲ್ಲೇ.

ಈಗ ಆ ನೌಕೆ ಜರ್ಮನಿಯಲ್ಲಿ ವಸ್ತುಸಂಗ್ರಹಾಲಯವಾಗುತ್ತದಂತೆ. ಯುದ್ಧದ ಕಾಲದಲ್ಲಿ ಅದರಲ್ಲಿ ಅಡುಗೆಯವರಾಗಿದ್ದ ಜರ್ಮನ್, ಡೆಟ್‌ಮರ್, ಸಂಗ್ರಹಾಲಯದ ಪರವಾಗಿ ಮಧ್ಯಾಹ್ನ ಪಾತ್ರೆ ಕೇಳಲು ಬಂದರು. ಕಾಲೇಜಿನಲ್ಲಿ ಕಲಿತು ಮರೆತ ಇಂಗ್ಲಿಷ್ ಕೆದಕಿ, “ನೋ ಪಾಟ್, ವೆರಿ ಸಾರಿ” ಎಂದೆ. ಬಂದವರನ್ನು ಉಪವಾಸ ಕಳಿಸುವುದು ಹೇಗೆ? ಊಟಕ್ಕೆ ಕೂರಿಸಿದೆ. ಮಗಳು ಟೋರ್ಡಿಸ್ ಆ ಪಾತ್ರೆಯನ್ನೇ ತಂದು ಮೇಜಿನ ಮೇಲಿಟ್ಟಳು!

ನಾನು ಕಣ್ಣು ಬಿಟ್ಟದ್ದಕ್ಕೆ, “ಮತ್ತೆ ಯಾವುದ್ರಲ್ಲಿ ಬೇಯಿಸ್ಲಿ ಅಪ್ಪಾ? ಮೊದ್ಲೇ ಹೇಳ್ಬಾರ್ದಿತ್ತಾ?” ಎಂದು ಪಿಸುಗುಟ್ಟಿದಳು.

ಡೆಟ್‌ಮರ್ ಹಿಡಿಯ ಮೇಲಿನ ಜರ್ಮನ್ ನೌಕಾಪಡೆಯ ಹದ್ದಿನ ಮುದ್ರೆ ನೋಡಿದರು. ಮೂರು ಸಲ ಬಡಿಸಿಕೊಂಡರು. ಹೊರಡುವಾಗ ಕೈ ಕುಲುಕಿ, “ಪಾತ್ರೆ ಸಿಗ್ಲಿಲ್ಲ ಅಂತ್ಲೇ ಬರ್ಕೋತೀನಿ ಯಜಮಾನ್ರೇ. ನಾನಂತೂ ಅದ್ರಲ್ಲಿ ಒಂದಿನಾನೂ ಇಷ್ಟು ಚೆನ್ನಾಗಿ ಬೇಯಿಸಿರ್ಲಿಲ್ಲ. ಮಾಡೋ ಕ್ರಮ ಮಾತ್ರ ಬರೆದು ಕಳಿಸಿ” ಎಂದರು.

ಅದನ್ನೇ ಬರೆಯಲು ಕೂತಿದ್ದೇನೆ. ಅಡಿಯಲ್ಲಿ ಮಾಂಸ, ಮೇಲೆ ಎಲೆಕೋಸು, ಇಡೀ ಕರಿಮೆಣಸು. ಎಷ್ಟು ಹೊತ್ತು ಬೇಯಬೇಕು ಎಂದು ಕೇಳಿದಾಗಲೆಲ್ಲ ಬೋರ್ಗ್ನಿ, “ನೀವು ಬಂದು ಬಂದು ಇಣುಕೋದು ನಿಲ್ಸೋವರ್ಗೂ” ಅನ್ನುತ್ತಿದ್ದಳು. ಇದನ್ನು ಇಂಗ್ಲಿಷಿನಲ್ಲಿ ಹೇಗೆ...