ಡಿಕ್ಕಿಯಲ್ಲಿ ನಾಲ್ಕು ಚೀಲ

ವೆಸ್ಟ್ ಬ್ಲೂಮ್‌ಫೀಲ್ಡ್
೧೪ ಜನವರಿ ೨೦೦೯, ಬುಧವಾರ

ಪ್ರೀತಿಯ ಇಂದು,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನಿನ್ನ ಕೈಯ ಊತ ಇಳಿದಿದೆ ಎಂದು ಖಲೀದಾ ಹೇಳಿದರು. ಈ ಶುಕ್ರವಾರ ನೀನು ಮನೆಗೆ ಬರುವುದಿಲ್ಲ ಎಂದೂ ಹೇಳಿದರು. ಮುಂದಿನ ಶುಕ್ರವಾರದ ಬಗ್ಗೆ ನಾನು ಕೇಳಲಿಲ್ಲ.

ನನ್ನ ಕೆಲಸ ಹೋಗಿ ನೀನು ಸುಮಾರು ಮುನ್ನೂರು ಮೈಲಿ ದೂರದ ಓಕ್ ಬ್ರೂಕ್‌ನ ಕೆಲಸ ಒಪ್ಪಿಕೊಂಡಾಗ, ದೊಡ್ಡ ಕಾರು ಮಾರಿ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಉಳಿಸಿಕೊಂಡದ್ದು ನನ್ನ ಹಟ. ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಕ್ಕೆ ಹೋಗುವ ಹಗುರ ಕಾರು ಹಿಮದಲ್ಲಿ ಏನು ಮಾಡುತ್ತದೆಂದು ಇಪ್ಪತ್ತು ವರ್ಷ ಕಾರುಗಳನ್ನೇ ಡಿಸೈನ್ ಮಾಡಿದವನಿಗೆ ಗೊತ್ತಿತ್ತು. ಹಿಂದಿನ ಚಕ್ರ ಜಾರದಂತೆ ಭಾರಕ್ಕೆಂದು ಇಲ್ಲಿಯವರು ಡಿಕ್ಕಿಯಲ್ಲಿ ಮರಳಿನ ಚೀಲ ಇಡುತ್ತಾರೆ. ನಾವು ಸೋನಾ ಮಸೂರಿ ಇಟ್ಟೆವು, ಇಪ್ಪತ್ತು ಪೌಂಡಿನ ನಾಲ್ಕು ಚೀಲ. 'ಮರಳಾದ್ರೆ ಏಪ್ರಿಲ್‌ನಲ್ಲಿ ಎಸೀಬೇಕು, ಇದನ್ನ ಉಣ್ಣಬಹುದು' ಎಂದು ನಕ್ಕಿದ್ದೆ ನೀನು.

ಡಿಸೆಂಬರಿನಿಂದ, ನಾನು ಶನಿವಾರ ಹೊಸದೊಂದು ಚೀಲ ಸೇರಿಸಿ ನಾಲ್ಕು ಮಾಡುತ್ತಿದ್ದೆ. ನೀನು ಮುಂದಿನ ಶುಕ್ರವಾರ ಮೂರೇ ತರುತ್ತಿದ್ದೆ. ಕೇಳಿದರೆ 'ಅಡುಗೆಗೆ ತಗೊಂಡೆ ಕಣ್ರೀ' ಎನ್ನುತ್ತಿದ್ದೆ. ಒಬ್ಬಳೇ, ವಾರಕ್ಕೆ ಇಪ್ಪತ್ತು ಪೌಂಡು! ನಿನ್ನೆದುರು ಊಟಕ್ಕೆ ಕೂರುವ ಒಬ್ಬ ಗಂಡಸನ್ನು ನಾನು ಮನಸ್ಸಿನಲ್ಲೇ ಕಟ್ಟತೊಡಗಿದೆ. ಅವನಿಗೆ ಒಳ್ಳೆಯ ಹಸಿವು ಕೊಟ್ಟೆ, ಕೆಲಸ ಕೊಟ್ಟೆ, ಹಿಮಕ್ಕೆ ತಕ್ಕ ಕಾರನ್ನೂ ಕೊಟ್ಟೆ. ನೀನು ಬಂದಾಗಲೆಲ್ಲ ಪಕ್ಕದ ಸೀಟು ಎಷ್ಟು ಹಿಂದಕ್ಕೆ ಸರಿದಿದೆ ಎಂದು ನೋಡುತ್ತಿದ್ದೆ. ಅದು ಎಂದೂ ಸರಿದಿರಲಿಲ್ಲ. ಅದನ್ನು ನಿನ್ನ ಜಾಣತನವೆಂದು ತಿಳಿದೆ.

ಭಾನುವಾರ ಹೊರಡುವಾಗ ನೀನು ಕಾರಿನೊಳಗೆ ಕೂತು 'ಅಕ್ಕಿ ಇದೆ ತಾನೆ?' ಎಂದು ಕೇಳಿದೆ. 'ಇದೆ, ಹೊರಡು, ಸ್ನೋ ಶುರುವಾಗತ್ತೆ' ಎಂದೆ ನಾನು. ದಾರಿಯಲ್ಲಿ ಕಲಮಜೂ ಊರು ದಾಟಿದ ಮೇಲೆ ಕಾರಿನ ಹಿಂಭಾಗ ಜಾರಿ, ಎರಡು ಸುತ್ತು ತಿರುಗಿ ರಸ್ತೆ ಪಕ್ಕದ ಹಳ್ಳಕ್ಕೆ ಇಳಿಯಿತಂತೆ.

ಸೋಮವಾರ ಫೋನ್ ಮಾಡಿದ್ದು ನಿನ್ನ ಕೆಳಗಿನ ಮನೆಯ ಖಲೀದಾ. ಆ ಹೆಸರನ್ನೇ ನಾನು ಕೇಳಿರಲಿಲ್ಲ. ಅವರೂ ಅವರ ಗಂಡ ನೋಮಾನ್ ಅವರೂ ಅಷ್ಟು ದೂರ ಬಂದು ನಿನ್ನನ್ನು ಕರೆದೊಯ್ದಿದ್ದರು. ಖಲೀದಾ ಅವರದು ಅಪ್ಪಟ ಹುಬ್ಬಳ್ಳಿ ಮಾತು. 'ಗಾಬರಿ ಆಗಬ್ಯಾಡ್ರಿ ಅಣ್ಣಾರ. ನಮ್ಮನಿಯವ್ರ ನೌಕರಿ ಹೋದಾಗಿಂದ ನೀವು ವಾರಾ ವಾರಾ ಅಕ್ಕಿ ಕಳಸ್ತೀರಿ, ನಾವು ಇಷ್ಟರ ಮಾಡಬಾರದೇನ್ರಿ?' ಎಂದರು. ನಾನು ಕಳಿಸುವುದೆಂದು ನೀನು ಹೇಳಿದ್ದೀಯ. ನಾನು ಅಲ್ಲವೆನ್ನಲಿಲ್ಲ. ನನಗೆ ಮಾತ್ರ ಹೇಳಲಿಲ್ಲ; ಕೆಲಸವಿಲ್ಲದವನ ಮುಂದೆ ಕೆಲಸವಿಲ್ಲದ ಇನ್ನೊಬ್ಬನ ಮಾತು ಎತ್ತುವುದು ಬೇಡವೆಂದುಕೊಂಡೆಯೇನೋ.

ಡಿಕ್ಕಿ ಯಾಕೆ ಖಾಲಿ ಇತ್ತೆಂದು ಅವರಿಂದ ಕೇಳಿಸಿದ್ದೀಯ. ಚೀಲ ಇಡಲು ನಾನು ಮರೆತೆ. ಈಚೆಗೆ ನನಗೆ ಮರೆವು ಹೆಚ್ಚು, ನಿನಗೇ ಗೊತ್ತು.

ಕಾರು ಮಾರಿಬಿಡೋಣ. ನೀನು ಬಾ ಎಂದರೆ ನಾನೇ ಬಸ್ಸಿನಲ್ಲಿ ಬರುತ್ತೇನೆ.

ನಿನ್ನ
ಕೇಶವ್

ತಾ.ಕ.: ಮರೆತಿರಲಿಲ್ಲ. ಭಾನುವಾರ ನೀನು ಸ್ನಾನಕ್ಕೆ ಹೋದಾಗ ನಾಲ್ಕೂ ಚೀಲ ನಾನೇ ಇಳಿಸಿದೆ, ಈ ವಾರ ಅವನು ಏನು ಉಣ್ಣುತ್ತಾನೋ ನೋಡೋಣವೆಂದು. ಗರಾಜಿನಲ್ಲಿ ಹಿಮದ ಸಲಿಕೆಯ ಹಿಂದೆ ಇವೆ. ಆಗ ಹಿಮದ ರಸ್ತೆಯ ನೆನಪಾಗಲಿಲ್ಲ ಎಂದು ಬರೆಯಬಹುದಿತ್ತು. ನೆನಪಾಗಿತ್ತು.